ಅಣ್ಣ ಬಡಿದ ಗೋಡೆ

ಐವತ್ತು ದಾಟಿ, ಮೀಸೆ ನರೆತು, ಮಗಳಿಗೆ ಮದುವೆ ಮಾಡಿ ಕಳಿಸಿದ್ದರೂ ಅವನನ್ನು ಎಲ್ಲರೂ ಚಿಕ್ಕ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರಣ ಬೇರೇನಿಲ್ಲ, ದೊಡ್ಡ ಮೇಸ್ತ್ರಿ ಇನ್ನೂ ಇದ್ದ. ಇದ್ದ ಅಂದರೆ ಮೂಲೆ ಹಿಡಿದು ಕೂತವನಲ್ಲ. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೆಲಸದ ಜಾಗಕ್ಕೆ ಬಂದು ನಿಂತು, ತಡವಾಗಿ ಬಂದವರ ಮುಖ ನೋಡಿ, ಗಡಿಯಾರ ನೋಡಿ, ಮತ್ತೆ ಮುಖ ನೋಡುತ್ತಿದ್ದ. ಅಣ್ಣ ಇರುವ ತನಕ ತಮ್ಮ ಚಿಕ್ಕವನೇ. ಚಿಕ್ಕ ಮೇಸ್ತ್ರಿಗೆ ಇದರಲ್ಲಿ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ಒಂದು ಬಗೆಯ ಸುಖವೇ ಇತ್ತು. ತಪ್ಪಾದರೆ ಅಣ್ಣ ಬೈಯುತ್ತಾನೆ, ಸರಿಯಾದರೆ ಅಣ್ಣನನ್ನು ಜನ ಹೊಗಳುತ್ತಾರೆ, ನಡುವೆ ತನಗೇನು ಕಷ್ಟ?

ಕಲ್ಲಿನ ಕೆಲಸ ಅವರ ಮನೆತನಕ್ಕೆ ತಲೆತಲಾಂತರದಿಂದ ಬಂದದ್ದು. ಹಳೆಯ ಗೋಡೆ, ಹಳೆಯ ಸೇತುವೆ, ಹಳೆಯ ಕಮಾನು, ಯಾವುದು ಬೀಳಲು ತಯಾರಾಗಿ ನಿಂತಿದೆಯೋ ಅದೆಲ್ಲ ಇವರ ಪಾಲಿಗೆ. ಹೊಸದು ಕಟ್ಟಲು ಯಾರು ಬೇಕಾದರೂ ಸಿಗುತ್ತಾರೆ, ಬೀಳುವುದನ್ನು ಹಿಡಿದು ನಿಲ್ಲಿಸಲು ಇವರೇ ಬೇಕು. ಈ ಸಲ ಸಿಕ್ಕಿದ್ದು ಹೊಳೆ ಸಮುದ್ರ ಸೇರುವ ಜಾಗದ ತಡೆಗೋಡೆ. ದಿನಕ್ಕೆರಡು ಸಲ ಉಬ್ಬರದ ನೀರು ಹೊಳೆಯೊಳಗೆ ನುಗ್ಗಿ ಗೋಡೆಯನ್ನು ಗುದ್ದಿ ಹೋಗುತ್ತಿತ್ತು. ಆ ಗೋಡೆಯ ಬೆನ್ನಿಗೇ ಅಂಟಿಕೊಂಡು ನಿಂತದ್ದು ಕಡವಿನ ಮನೆ. ಸೇತುವೆ ಇಲ್ಲದ ಕಾಲದಲ್ಲಿ ಹೊಳೆ ದಾಟುವವರು ದೋಣಿಗಾಗಿ ಕಾಯುತ್ತ ಕೂರುತ್ತಿದ್ದ ಕಮಾನಿನ ಕಟ್ಟಡ ಅದು.

ಕಡವಿನ ಮನೆಯನ್ನು ನೋಡಲು ದೂರದಿಂದ ಜನ ಬರುತ್ತಿದ್ದುದು ಕಮಾನಿಗಾಗಿ ಅಲ್ಲ, ಹೊಳೆಯ ಕಡೆಯ ಗೋಡೆಗಾಗಿ. ಹಿಂದಿನ ದೋಣಿಯವರು ಬೇಸರ ಕಳೆಯಲು ಆ ಗೋಡೆಯ ಒಳಮೈ ಮೇಲೆ ಮೊಳೆಯಿಂದ ತಮ್ಮ ತಮ್ಮ ದೋಣಿಗಳನ್ನು ಗೀರಿದ್ದರು. ಒಂದರ ಪಕ್ಕ ಒಂದು, ಒಂದರ ತಲೆಯ ಮೇಲೆ ಒಂದು, ಗೋಡೆ ತುಂಬ ದೋಣಿ. ಕೆಲವಕ್ಕೆ ಹಾಯಿ, ಕೆಲವಕ್ಕೆ ಬರೀ ಹುಟ್ಟು. ಮೇಲೆ ಮೂಲೆಯ ಒಂದು ದೋಣಿಯಲ್ಲಿ ಮಾತ್ರ ಒಂದು ನಾಯಿ ಕೂತಿತ್ತು. ಬಂದ ಮಕ್ಕಳೆಲ್ಲ ಮೊದಲು ಆ ನಾಯಿಯನ್ನು ಹುಡುಕುತ್ತಿದ್ದರು. ಚಿಕ್ಕ ಮೇಸ್ತ್ರಿಗೂ ಅದನ್ನು ಒಬ್ಬರು ತೋರಿಸಿಕೊಟ್ಟಿದ್ದರು, ಹೆಗಲ ಮೇಲೆ ಕೂರಿಸಿಕೊಂಡು, ಬೆರಳು ಹಿಡಿದು. ಅದು ಅಣ್ಣನೇ.

ಗೋಡೆಯ ರಿಪೇರಿ ಶುರುವಾಗುವುದು ಬಡಿಯುವುದರಿಂದ. ಒಂದು ಸಣ್ಣ ಸುತ್ತಿಗೆ ಇದೆ, ತಾತನ ಕಾಲದ್ದು. ಅದರಿಂದ ಒಂದೊಂದೇ ಕಲ್ಲನ್ನು ಬಡಿದು ಕಿವಿಗೊಟ್ಟು ಕೇಳಬೇಕು. ಹಿಂದೆ ಗಾರೆ ಭದ್ರವಾಗಿದ್ದರೆ ಕಲ್ಲು ಟಣ್ ಅನ್ನುತ್ತದೆ, ಅದು ಗಟ್ಟಿ. ಒಳಗಿನದೆಲ್ಲ ಕೊಚ್ಚಿಹೋಗಿ ಖಾಲಿಯಾಗಿದ್ದರೆ ದಬ್ ಅನ್ನುತ್ತದೆ, ಅದು ಟೊಳ್ಳು. ಗಟ್ಟಿ ಕಲ್ಲಿಗೆ ಸುಣ್ಣದಲ್ಲಿ ಒಂದು ಗೆರೆ, ಟೊಳ್ಳಿಗೆ ಕತ್ತರಿ ಗುರುತು. ಕತ್ತರಿ ಬಿದ್ದ ಕಡೆ ಬಿಚ್ಚಿ ಕಟ್ಟುತ್ತಾರೆ, ಗೆರೆ ಬಿದ್ದ ಕಡೆ ಕೈ ಹಚ್ಚುವುದಿಲ್ಲ.

ಇದಕ್ಕೊಂದು ಕಟ್ಟುನಿಟ್ಟಿತ್ತು. ಒಬ್ಬ ಬಡಿದ ಗೋಡೆಯನ್ನು ಇನ್ನೊಬ್ಬ ಬಡಿಯಬಾರದು. ಸುತ್ತಿಗೆ ಯಾರ ಕೈಯಲ್ಲಿದೆಯೋ ಮಾತು ಅವರದು, ಹೊಣೆಯೂ ಅವರದು. "ಎರಡು ಕಿವಿ ಸೇರಿದ್ರೆ ಗೋಡೆ ಕಟ್ಟೋಕಾಗಲ್ಲ, ಜಗಳ ಕಟ್ಟಬಹುದು," ಎಂದು ಅಪ್ಪ ಹೇಳುತ್ತಿದ್ದರು. ಇವರ ಚಿಕ್ಕಪ್ಪ ಒಮ್ಮೆ ತಾತನ ಬೆನ್ನ ಹಿಂದೆ ಒಂದು ಕಲ್ಲನ್ನು, ಒಂದೇ ಒಂದು ಕಲ್ಲನ್ನು, ಬಡಿದು ನೋಡಿದ್ದರಂತೆ. ಆಮೇಲೆ ಆ ಚಿಕ್ಕಪ್ಪ ಬದುಕಿರುವಷ್ಟು ದಿನ ಈ ಮನೆಯಲ್ಲಿ ನೀರು ಕುಡಿಯಲಿಲ್ಲ. ಬಡಿದ ಮೇಲೆ ಬಡಿಯುವುದೆಂದರೆ ಮುಖಕ್ಕೆ ಹೊಡೆದಂತೆಯೇ.

ಅಪ್ಪನ ನಂತರ ಸುತ್ತಿಗೆ ಅಣ್ಣನಿಗೆ ಬಂತು. ಅಣ್ಣನ ಕಿವಿ ಅಂದರೆ ಕಿವಿ. ಒಂದು ಸೇತುವೆಯಲ್ಲಿ ಯಂತ್ರ ತಂದು ಪರೀಕ್ಷೆ ಮಾಡಿದವರು ಗಟ್ಟಿ ಅಂದ ಕಂಬವನ್ನು ಅಣ್ಣ ಟೊಳ್ಳು ಅಂದ, ಬಿಚ್ಚಿ ನೋಡಿದರೆ ಒಳಗೆ ಏಡಿಗಳು ಸಂಸಾರ ಹೂಡಿದ್ದವು. ಆ ಏಡಿಗಳ ಕಥೆ ಹೇಳಿಕೊಂಡೇ ಎಷ್ಟೋ ವರ್ಷ ಕೆಲಸ ಸಿಕ್ಕಿತು.

ಈಗ ಆ ಕಿವಿ ಹೋಗುತ್ತಿತ್ತು.

ಅದು ಒಂದೇ ದಿನದಲ್ಲಿ ಆದದ್ದಲ್ಲ. ಮೊದಮೊದಲು ಅಣ್ಣ ತಮಾಷೆಗೆ ಎಲ್ಲರೂ ನಕ್ಕಾದ ಮೇಲೆ ನಗಲು ಶುರು ಮಾಡಿದ. ಆಮೇಲೆ ಏನು ಕೇಳಿದರೂ "ಹೂಂ" ಅನ್ನತೊಡಗಿದ. "ಅಣ್ಣ, ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಅಂದರೂ "ಹೂಂ". "ಈಗಿನವರಿಗೆ ಬಾಯಿ ಬಿಟ್ಟು ಮಾತಾಡೋಕೇ ಬರಲ್ಲ, ಎಲ್ಲ ಮೂಗಿನಲ್ಲೇ ಗೊಣಗೋದು," ಎಂದು ಜಗತ್ತಿನ ಮೇಲೆಯೇ ತಪ್ಪು ಹೊರಿಸಿದ. ಕೆಲಸದ ಹುಡುಗರು ಇದನ್ನೆಲ್ಲ ವಯಸ್ಸಿನ ಸಿಡುಕು ಅಂದುಕೊಂಡರು. ಚಿಕ್ಕ ಮೇಸ್ತ್ರಿ ಮಾತ್ರ ಹಾಗೆ ಅಂದುಕೊಳ್ಳಲಾರದೆ ಹೋದ. ಅಣ್ಣ ಈಚೆಗೆ ಕಲ್ಲು ಬಡಿಯುವಾಗ ಇನ್ನೊಂದು ಅಂಗೈಯನ್ನು ಕಲ್ಲಿಗೆ ಒತ್ತಿ ಹಿಡಿಯುವುದನ್ನು ಅವನು ಗಮನಿಸಿದ್ದ. ಕಿವಿಗೆ ಬಾರದ್ದನ್ನು ಕೈಯಲ್ಲಿ ಹಿಡಿಯಲು ನೋಡುತ್ತಿದ್ದ, ಪಾಪ. ತೆಳು ಕಲ್ಲಿಗೆ ಅದು ನಡೆದೀತು. ಹೊಳೆಯ ಗೋಡೆಯ ಆನೆಗಾತ್ರದ ಕಲ್ಲಿಗೆ ಅಂಗೈ ಏನು ಹೇಳೀತು?

ಕಡವಿನ ಮನೆಯ ಮುಂದಿನ ತಡೆಗೋಡೆಯ ಭಾಗವನ್ನು ಅಣ್ಣ ಬಡಿದ ದಿನ ಚಿಕ್ಕ ಮೇಸ್ತ್ರಿ ಸುಣ್ಣದ ಡಬ್ಬಿ ಹಿಡಿದು ಪಕ್ಕದಲ್ಲೇ ನಿಂತಿದ್ದ. ಇಳಿತದ ಸಮಯ, ನೀರು ದೂರ ಸರಿದಿತ್ತು, ಗಾಳಿಯೂ ಇರಲಿಲ್ಲ. ಅಣ್ಣ ಬಡಿದ. ದಬ್. ಚಿಕ್ಕ ಮೇಸ್ತ್ರಿಗೆ ಸ್ಪಷ್ಟವಾಗಿ ಕೇಳಿಸಿತು. ಮುಂದಿನ ಕಲ್ಲು ಬಡಿದ. ದಬ್. ಅದರಾಚೆಯದು, ಅದೂ ದಬ್. ಖಾಲಿ ಪೆಟ್ಟಿಗೆ ಬಡಿದ ಹಾಗೆ. ಅಣ್ಣ ಅಂಗೈ ಒತ್ತಿ, ಕಣ್ಣು ಮುಚ್ಚಿ, ತಲೆದೂಗಿ, "ಗಟ್ಟಿ," ಎಂದ. ಬೆರಳನ್ನು ಸುಣ್ಣಕ್ಕೆ ಅದ್ದಿ ಒಂದು ಗೆರೆ ಎಳೆದ. ಚಿಕ್ಕ ಮೇಸ್ತ್ರಿ ಅವನ ಮುಖ ನೋಡಿದ. ಆ ಮುಖದಲ್ಲಿ ಅನುಮಾನದ ಎಳೆಯೂ ಇರಲಿಲ್ಲ. ಆ ಇಡೀ ಭಾಗಕ್ಕೆ, ಕಡವಿನ ಮನೆಯ ಈ ತುದಿಯಿಂದ ಆ ತುದಿಗೆ, ಗೆರೆಯ ಪಕ್ಕ ಗೆರೆ ಬಿತ್ತು. ಒಂದು ಕತ್ತರಿಯೂ ಬೀಳಲಿಲ್ಲ.

ಅಯ್ಯೋ, ಆಗಲೇ ಬಾಯಿ ಬಿಡಬೇಕಿತ್ತು. ಆದರೆ ಬಾಯಿ ಬಿಟ್ಟು ಏನನ್ನಬೇಕು? 'ಅಣ್ಣ, ನಿನಗೆ ಕಿವಿ ಕೇಳಿಸುತ್ತಿಲ್ಲ' ಅಂತಲೇ? ಸುತ್ತ ಕೆಲಸದವರು ನಿಂತಿದ್ದರು. ಹೆಗಲ ಮೇಲೆ ಹೊತ್ತು ನಾಯಿ ತೋರಿಸಿದವನಿಗೆ ಆ ಮಾತು ಹೇಳಲು ಚಿಕ್ಕ ಮೇಸ್ತ್ರಿಗೆ ನಾಲಿಗೆ ಏಳಲಿಲ್ಲ. ಬಾಯಲ್ಲಿ ಬಿಸಿ ತುಪ್ಪ, ಉಗುಳುವ ಹಾಗೂ ಇಲ್ಲ, ನುಂಗುವ ಹಾಗೂ ಇಲ್ಲ. ಡಬ್ಬಿ ಹಿಡಿದು ಹಿಂದೆ ಹಿಂದೆ ನಡೆದ, ಅಷ್ಟೆ.

ಬೇಲಿ ಹಾರಲಾಗದವನು ಕಂಡಿ ಹುಡುಕುತ್ತಾನಲ್ಲ, ಹಾಗೆ ಅವನೂ ಹುಡುಕಿದ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಅಣ್ಣನ ಎದುರಿಗೆ, ಅವನಿಗೆ ಬಾಯಿ ಕಾಣುವ ಹಾಗೆ ಕೂತು, ಬೆಣ್ಣೆಯಿಂದ ಕೂದಲು ತೆಗೆದಂತೆ ಮಾತು ತೆಗೆದ.

"ಅಣ್ಣ, ಹುಣ್ಣಿಮೆ ಹತ್ತಿರ ಬಂತು. ವರ್ಷದಲ್ಲೇ ದೊಡ್ಡ ಉಬ್ಬರ ಅದು. ಕಡವಿನ ಮನೆ ಮುಂದಿನಿಂದಲೇ ಶುರು ಮಾಡಿಬಿಡೋಣವಾ? ಒಂದೆರಡು ಕಲ್ಲು ಬಿಚ್ಚಿ ನೋಡಿದ್ರೆ..."

"ಗಟ್ಟಿ ಇರೋದನ್ನ ಯಾಕೋ ಬಿಚ್ತೀಯಾ?" ಅಣ್ಣ ನಕ್ಕ. "ಹೊಟ್ಟೆನೋವು ಇಲ್ಲದವನ ಹೊಟ್ಟೆ ಕೊಯ್ಯೋಕಾಗುತ್ತೇನೋ? ಆಚೆ ತುದಿ ಪೂರ್ತಿ ಕತ್ತರಿ ಬಿದ್ದಿದೆ, ಅದನ್ನ ಮೊದಲು ನೋಡು."

ಗಾರೆ ಕಲಸುವವನೊಬ್ಬನಿದ್ದ, ಬಾಯಿಬಡುಕ ಎಂದೇ ಹೆಸರು. "ದೊಡ್ಡ ಮೇಸ್ತ್ರಿ ಗೆರೆ ಎಳೆದ್ರೆ ಮುಗೀತು, ಯಮ ಬಂದ್ರೂ ಒರೆಸೋಕಾಗಲ್ಲ," ಎಂದು ಅವನು ಒಗ್ಗರಣೆ ಹಾಕಿದ. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತು ಬಿಟ್ಟು ಅಣ್ಣನೂ ನಕ್ಕ. ಚಿಕ್ಕ ಮೇಸ್ತ್ರಿ ಬುತ್ತಿ ಕಟ್ಟಿಟ್ಟು ಎದ್ದ.

ಎಂಜಿನಿಯರಮ್ಮನ ಹತ್ತಿರ ಹೋದ. ಗೋಡೆಯ ಪಕ್ಕದ ತಗಡಿನ ಶೆಡ್ಡೇ ಆಕೆಯ ಆಫೀಸು. ಮೇಜಿನ ಮೇಲೆ ನಕ್ಷೆ, ನಕ್ಷೆ ಹಾರದಂತೆ ಅದರ ಮೇಲೆ ನಾಲ್ಕು ಕಲ್ಲು. ಆಕೆ ಒಳ್ಳೆಯವಳು, ಕೆಲಸ ಬಲ್ಲವಳು, ಅಣ್ಣನನ್ನು ಕಂಡರೆ ಎದ್ದು ನಿಲ್ಲುವವಳು. ಅದೇ ಇಲ್ಲಿ ತೊಡಕಾಯಿತು.

"ಅಮ್ಮಾ, ಕಡವಿನ ಮನೆ ಮುಂದೆ ಒಂದ್ಸಲ ಆ ಯಂತ್ರ ಇಟ್ಟು ನೋಡಿಸಬಹುದಾ?"

"ದೊಡ್ಡ ಮೇಸ್ತ್ರಿಗಳು ಬಡಿದು ನೋಡಿದಾರಲ್ಲ?" ಆಕೆಗೆ ಆಶ್ಚರ್ಯವಾಯಿತು. "ಅವರು ಗಟ್ಟಿ ಅಂದ ಮೇಲೆ ಯಂತ್ರ ಯಾಕೆ? ಆ ಏಡಿ ಕಥೆ ನಾನು ಕಾಲೇಜಿನಲ್ಲೇ ಕೇಳಿದ್ದೆ. ಯಂತ್ರ ತರಿಸಿ ಅವರ ಮುಂದೆ ಇಟ್ರೆ ಅವರಿಗೆ ಎಷ್ಟು ಬೇಜಾರಾಗುತ್ತೆ, ಯೋಚನೆ ಮಾಡಿ." ಆಮೇಲೆ ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದಳು. "ಯಾಕೆ, ನಿಮಗೇನಾದ್ರೂ ಅನುಮಾನ ಇದೆಯಾ?"

ಅಲ್ಲೇ ಇತ್ತು ಬಾಗಿಲು, ಅಗಲವಾಗಿ ತೆರೆದು. ಹೂಂ ಅಂದಿದ್ದರೆ ಸಾಕಿತ್ತು. ದಿನಕ್ಕೆ ನೂರು ಸಲ ಅಣ್ಣ ಅನ್ನುವ ಆ ಒಂದು ಅಕ್ಷರ.

"ಇಲ್ಲ ಇಲ್ಲ, ಸುಮ್ಮನೆ ಕೇಳಿದೆ," ಎಂದು ಚಿಕ್ಕ ಮೇಸ್ತ್ರಿ ಹೊರಗೆ ಬಂದ. ಹೊರಗೆ ಬಂದವನೇ ತನ್ನ ಹಣೆಗೆ ತಾನೇ ಬಡಿದುಕೊಂಡ.

ಸಂಜೆ ಅಣ್ಣನ ಮನೆಗೆ ಹೋದ. ಅತ್ತಿಗೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅಡುಗೆಮನೆಯಲ್ಲಿ ಒಲೆಯ ಮೇಲಿನ ಚಹಾದ ಕೆಟಲು ಕಿವಿಗಡಚಿಕ್ಕುವ ಹಾಗೆ ಸಿಳ್ಳೆ ಹೊಡೆಯುತ್ತಿತ್ತು, ಅದರಿಂದ ಒಂದು ಮೊಳ ದೂರದಲ್ಲಿ ಅಣ್ಣ ಸ್ಟೂಲಿನ ಮೇಲೆ ಕೂತು ಚಪ್ಪಲಿಯ ಮೊಳೆ ಸರಿಮಾಡುತ್ತಿದ್ದ. ಅತ್ತಿಗೆ ಓಡಿಬಂದು ಒಲೆ ಆರಿಸಿದಳು. "ಪಕ್ಕದಲ್ಲೇ ಕೂತಿದೀರಲ್ರೀ!" ಎಂದು ಬೈದಳು. ಆಗ ಅಣ್ಣ ತಲೆ ಎತ್ತಿ, ತಮ್ಮನನ್ನು ಕಂಡು, "ಬಾರೋ, ಸರಿಯಾದ ಹೊತ್ತಿಗೇ ಬಂದೆ, ಚಹಾ ಆಗ್ತಾ ಇದೆ," ಎಂದು ಮುಖ ಅರಳಿಸಿದ.

ಮೂವರೂ ಅಲ್ಲೇ ಕೂತು ಚಹಾ ಕುಡಿದರು. ಅಣ್ಣ ಚಪ್ಪಲಿಯ ಕಡೆ ಬಗ್ಗಿದ್ದ. ಅತ್ತಿಗೆ ಅವನಿಗೆ ಬೆನ್ನು ಹಾಕಿ, ದನಿ ತಗ್ಗಿಸದೆ, ದಿನಸಿ ಮಾತಾಡುವ ಹಾಗೆ ಹೇಳಿದಳು.

"ನೀನು ಯಾಕೆ ಬಂದಿದೀಯ ಅಂತ ಗೊತ್ತು."

ಚಿಕ್ಕ ಮೇಸ್ತ್ರಿ ಬೆಚ್ಚಿ ಅಣ್ಣನ ಕಡೆ ನೋಡಿದ.

"ಕೇಳಿಸಲ್ಲ ಬಿಡು. ಹೆಂಡತಿಗೆ ಗೊತ್ತಾಗಲ್ವಾ? ರಾತ್ರಿ ನಾನು ಮಾತಾಡ್ತಾನೇ ಇರ್ತೀನಿ, ಇವರು ಹೂಂ ಹೂಂ ಅಂತಿರ್ತಾರೆ. ಒಂದಿನ ಬೇಕೂಂತಲೇ ಮನೆಗೆ ಬೆಂಕಿ ಬಿದ್ದಿದೆ ಅಂದೆ. ಅದಕ್ಕೂ ಹೂಂ."

"ಅತ್ತಿಗೆ, ಡಾಕ್ಟರ ಹತ್ತಿರ ಹೋದ್ರೆ ಕಿವಿಗೆ ಹಾಕ್ಕೊಳ್ಳೋ ಮೆಷಿನ್ ಕೊಡ್ತಾರೆ."

"ಹೇಳಿ ನೋಡಿದೆ. ಮೂರು ದಿನ ಊಟ ಬಿಟ್ರು." ಅತ್ತಿಗೆ ಲೋಟ ಕೆಳಗಿಟ್ಟಳು. "ಕಿವಿಗೆ ಮೆಷಿನ್ ಹಾಕ್ಕೊಂಡು ಗೋಡೆ ಬಡಿಯೋಕೆ ಹೋದ್ರೆ ಯಾರು ನಂಬ್ತಾರೆ ಹೇಳು? ಇದೊಂದು ಕೆಲಸ ಮುಗೀಲಿ, ಸುತ್ತಿಗೆ ತಮ್ಮನಿಗೆ ಕೊಟ್ಟುಬಿಡ್ತೀನಿ ಅಂತ ಅವರೇ ಹೇಳಿದಾರೆ. ಅವರಿಗೂ ಗೊತ್ತು ಕಣೋ, ಒಳಗೊಳಗೇ ಗೊತ್ತು. ಇದೊಂದನ್ನ ಮರ್ಯಾದೆಯಿಂದ ಮುಗಿಸ್ಲಿ. ಕೈಮುಗೀತೀನಿ, ಎಲ್ಲರ ಮುಂದೆ ಏನೂ ಹೇಳಬೇಡ."

"ಅತ್ತಿಗೆ, ಆ ಗೋಡೆ ಟೊಳ್ಳು."

ಅತ್ತಿಗೆ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ಅವಳ ಕಣ್ಣು ತುಂಬಿತ್ತು. ಅಣ್ಣ ಚಪ್ಪಲಿಯನ್ನು ನೆಲಕ್ಕೆ ಬಡಿದು ನೋಡಿ, "ಏನು, ಅತ್ತಿಗೆ ಮೈದುನ ಸೇರಿಕೊಂಡು ನನ್ನ ಮೇಲೆ ಚಾಡಿ ಹೇಳ್ತಾ ಇದೀರಾ?" ಎಂದು ನಕ್ಕ. ಇಬ್ಬರೂ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ?

ಮನೆಗೆ ಹೋಗುವ ದಾರಿಯಲ್ಲಿ ಚಿಕ್ಕ ಮೇಸ್ತ್ರಿ ಹೊಳೆಯ ಕಡೆ ತಿರುಗಿದ. ಇನ್ನೂ ಬೆಳಕಿತ್ತು. ಕಡವಿನ ಮನೆಯ ಮುಂದೆ ಗೋಡೆಯ ಬುಡದ ಕೆಸರಿನಲ್ಲಿ ಇಳಿದು ನಿಂತ. ಅವನ ಚೀಲದಲ್ಲೂ ಸುತ್ತಿಗೆ ಇತ್ತು. ತೆಗೆದ. ಒಂದು ಸಲ ಬಡಿದರೆ ಏನಾದೀತು, ಯಾರು ನೋಡುತ್ತಾರೆ? ಕೈ ಎತ್ತಿದ. ಎತ್ತಿದ ಕೈ ಹಾಗೇ ಉಳಿಯಿತು. ಎದುರಿಗೆ ಅಣ್ಣನ ಬೆರಳಿನ ಸುಣ್ಣದ ಗೆರೆ. ನೂರು ಜನ ನೋಡುತ್ತಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಸುತ್ತಿಗೆ ಚೀಲಕ್ಕೆ ಹಾಕಿದ.

ಬಡಿಯಬಾರದು ಎಂಬ ನಿಯಮವಿತ್ತು, ಕೇಳಬಾರದು ಎಂದೇನೂ ಇರಲಿಲ್ಲ. ಕಿವಿಯನ್ನು ಕಲ್ಲಿಗೆ ಹಚ್ಚಿದ. ಕಲ್ಲು ತಣ್ಣಗಿತ್ತು. ಒಳಗೆ ನೀರು ಓಡಾಡುತ್ತಿತ್ತು. ಯಾರೋ ಖಾಲಿ ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆದ ಹಾಗೆ ನಿಧಾನವಾಗಿ, ಬಿಡುವಾಗಿ. ಚಿಕ್ಕ ಮೇಸ್ತ್ರಿ ಕಲ್ಲಿನಿಂದ ಕಿವಿ ತೆಗೆದ. ನಾಳೆ ಬೆಳಿಗ್ಗೆ ಹೇಳಿಯೇ ಬಿಡುತ್ತೇನೆ, ಅಣ್ಣ ಮುಖ ತಿರುಗಿಸಲಿ, ಮನೆಯ ನೀರು ತಪ್ಪಿಸಲಿ, ಏನಾದರೂ ಆಗಲಿ ಎಂದು ತೀರ್ಮಾನ ಮಾಡಿದ. ತೀರ್ಮಾನ ಮಾಡುವುದರಲ್ಲಿ ಅವನು ಎಂದೂ ಹಿಂದೆ ಬಿದ್ದವನಲ್ಲ.

ಬೆಳಿಗ್ಗೆ ಅಣ್ಣ ಆಗಲೇ ಬಂದಿದ್ದ. ಹುಣ್ಣಿಮೆಯ ದಿನ. ಸಮುದ್ರದ ಕಡೆಯಿಂದ ಗಾಳಿ ಎದ್ದಿತ್ತು. ಕೆಲಸದವರು ಕಲ್ಲಿನ ರಾಶಿಯ ಸುತ್ತ ನಿಂತು ಬೀಡಿ ಸೇದುತ್ತಿದ್ದರು. ಚಿಕ್ಕ ಮೇಸ್ತ್ರಿ ನೇರ ಅಣ್ಣನ ಹತ್ತಿರ ಹೋದ. ಅಣ್ಣ ಬಗ್ಗಿ ಹಗ್ಗ ಸುತ್ತುತ್ತಿದ್ದ. ಚಿಕ್ಕ ಮೇಸ್ತ್ರಿ ಎದುರಿಗೆ ನಿಂತ. ಉಸಿರು ಎಳೆದುಕೊಂಡು, ರಾತ್ರಿಯೆಲ್ಲ ಉರು ಹೊಡೆದಿದ್ದನ್ನು ಒಂದೇ ಸಲಕ್ಕೆ ಹೇಳಿಬಿಟ್ಟ.

"ಅಣ್ಣ, ಕಡವಿನ ಮನೆ ಮುಂದಿನ ಗೋಡೆ ಟೊಳ್ಳು. ನಿಂಗೆ ಕೇಳಿಸಲಿಲ್ಲ. ನಂಗೆ ಕೇಳಿಸ್ತು."

ಹೇಳಿದ! ಜೀವಮಾನದಲ್ಲಿ ಮೊದಲ ಸಲ ಅಣ್ಣನ ಮಾತಿಗೆ ಎದುರು ಮಾತು. ಅಣ್ಣ ಈಗ ತಲೆ ಎತ್ತುತ್ತಾನೆ, ಈಗ ಹಗ್ಗ ಬಿಸಾಡುತ್ತಾನೆ ಎಂದು ಕಾದ.

ಅಣ್ಣ ಹಗ್ಗದ ಕೊನೆಯ ಸುತ್ತು ಹಾಕಿ ಗಂಟು ಬಿಗಿದು ತಲೆ ಎತ್ತಿದ. ತಮ್ಮ ಎದುರಿಗೆ ನಿಂತಿರುವುದನ್ನು ಕಂಡ. ಏನೋ ಹೇಳಿರಬೇಕು ಅನ್ನಿಸಿತೇನೋ. "ಹೂಂ," ಎಂದ, "ಹಾಗೇ ಮಾಡು." ಹಗ್ಗ ಹೆಗಲಿಗೆ ಹಾಕಿಕೊಂಡು ಕಲ್ಲುಗಳ ಕಡೆ ನಡೆದ.

ಇನ್ನೊಂದು ಸಲ ಹೇಳಬೇಕಿತ್ತು, ಜೋರಾಗಿ, ಊರಿಗೇ ಕೇಳುವಂತೆ. ಕೇಳಿಸಬೇಕೆಂದರೆ ಕೂಗಲೇಬೇಕು. ಕೂಗಿದರೆ ಅಣ್ಣನೊಬ್ಬನಿಗೇ ಕೇಳುವುದಿಲ್ಲ, ಬಾಯಿಬಡುಕನಿಗೆ ಕೇಳುತ್ತದೆ, ಎಂಜಿನಿಯರಮ್ಮನಿಗೆ ಕೇಳುತ್ತದೆ, ಎಲ್ಲರಿಗೂ ಕೇಳುತ್ತದೆ. ಗುಟ್ಟಾಗಿ ಹೇಳಬಹುದಾದ ಮಾತನ್ನು ಗುಟ್ಟಾಗಿ ಕೇಳುವ ಕಿವಿಯೇ ಇರಲಿಲ್ಲ. ಚಿಕ್ಕ ಮೇಸ್ತ್ರಿ ಬಾಯಿ ತೆರೆದ. ಮುಚ್ಚಿದ. ಬಾಯಿಬಡುಕ ದೂರದಿಂದ, "ಏನು ಚಿಕ್ಕ ಮೇಸ್ತ್ರಿ, ನೊಣ ಹಿಡೀತಾ ಇದೀರಾ?" ಎಂದ. ಎಲ್ಲರೂ ನಕ್ಕರು.

ಆ ಬೆಳಿಗ್ಗೆ ಅವನು ಮಾಡಿದ್ದು ಒಂದೇ. ಮರಳಿನ ಚೀಲಗಳನ್ನು ಒಂದೊಂದಾಗಿ ಹೊತ್ತು ತಂದು ಕಡವಿನ ಮನೆಯ ಮುಂದೆ ಗೋಡೆಗೆ ಒತ್ತಿ ಇಟ್ಟ. ಯಾಕೆಂದು ಕೇಳಿದವರಿಗೆ, "ಇರ್ಲಿ, ಅಡ್ಡ ಬಿದ್ದಿದ್ವು," ಎಂದ. ಆ ಗೋಡೆಗೆ ಅಷ್ಟು ಚೀಲ ಯಾವ ಮೂಲೆಗೆ? ಅದು ಅವನಿಗೂ ಗೊತ್ತಿತ್ತು. ಸುಮ್ಮನೆ ನಿಲ್ಲಲಾರದವನು ಮಾಡುವ ಕೆಲಸ ಅದು.

ಉಬ್ಬರ ಮಧ್ಯಾಹ್ನದ ಹೊತ್ತಿಗೆ ಏರಿತು. ಸಮುದ್ರದ ನೀರು ಒಂದೇ ಸಮನೆ ಹೊಳೆಯೊಳಗೆ ನುಗ್ಗಿ ಬರುತ್ತಿತ್ತು, ಗಾಳಿ ಅದರ ಬೆನ್ನ ಮೇಲೆ ಕೂತಿತ್ತು. ಗೋಡೆಯ ಅರ್ಧಕ್ಕೆ ಬಂತು, ಮುಕ್ಕಾಲಿಗೆ ಬಂತು. ಎಂಜಿನಿಯರಮ್ಮ ಶೆಡ್ಡಿನಿಂದ ಹೊರಗೆ ಬಂದು ಎಲ್ಲರನ್ನೂ ಮೇಲಕ್ಕೆ ಕರೆದಳು. ಕಡವಿನ ಮನೆಯೊಳಗೆ ಇದ್ದ ನಾಲ್ಕೈದು ನೋಡುಗರನ್ನು ಹೊರಗೆ ಕಳಿಸಿ ಬಾಗಿಲಿಗೆ ಬೀಗ ಹಾಕಿಸಿದಳು. ಆ ಪುಣ್ಯ ಒಂದು ಆಯಿತು. ಅಣ್ಣ ಹಿಂದುಗಡೆ, ಕಲ್ಲಿನ ರಾಶಿಯ ಹತ್ತಿರ, ಹೊಳೆಗೆ ಬೆನ್ನು ಹಾಕಿ ಕೂತು ಒಂದು ಕಲ್ಲಿನ ಮೂಲೆ ಕೆತ್ತುತ್ತಿದ್ದ.

ಚಿಕ್ಕ ಮೇಸ್ತ್ರಿ ಗೋಡೆಯನ್ನೇ ನೋಡುತ್ತಿದ್ದ. ಮೊದಲು ಗೆರೆ ಎಳೆದ ಒಂದು ಕಲ್ಲಿನ ಸಂದಿಯಿಂದ ನೀರು ಚಿಮ್ಮಿತು, ಒಳಗಿನಿಂದ ಹೊರಗೆ. ಆಮೇಲೆ ಗೋಡೆ ಹೊಟ್ಟೆ ಮುಂದೆ ಮಾಡಿದ ಹಾಗೆ ಉಬ್ಬಿತು. ಆಮೇಲೆ ಆ ಇಡೀ ಭಾಗ ಒಂದೇ ಸಲಕ್ಕೆ ಹೊಳೆಗೆ ಮಲಗಿತು. ಆ ಸದ್ದಿಗೆ ಆಚೆ ದಡದ ಹಕ್ಕಿಗಳೆಲ್ಲ ಎದ್ದವು. ಜನ ಕಿರುಚಿದರು. ಎಂಜಿನಿಯರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆ ಗದ್ದಲ ಒಂದು ಕ್ಷಣ ನಿಂತಾಗ ಎಲ್ಲರಿಗೂ ಒಂದು ಸಣ್ಣ ಸದ್ದು ಕೇಳಿಸಿತು. ಟಣ್. ಟಣ್. ಟಣ್.

ಎಲ್ಲರೂ ತಿರುಗಿ ನೋಡಿದರು. ದೊಡ್ಡ ಮೇಸ್ತ್ರಿ ಬೆನ್ನು ಹಾಕಿ ಕೂತು ಇನ್ನೂ ಕಲ್ಲು ಕೆತ್ತುತ್ತಿದ್ದ. ತಲೆ ಒಂದು ಕಡೆಗೆ ವಾಲಿಸಿ, ಚೂರನ್ನು ಊದಿ, ಬೆರಳಿಂದ ಸವರಿ, ಮತ್ತೆ ಕೆತ್ತುತ್ತಿದ್ದ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ಚಿಕ್ಕ ಮೇಸ್ತ್ರಿಯ ಮುಖ ನೋಡಿದರು. ಅವನು ಕಣ್ಣು ಕೆಳಗೆ ಹಾಕಿದ.

ಆಗ ಕಡವಿನ ಮನೆಯ ಹೊಳೆಯ ಕಡೆಯ ಗೋಡೆ ಬಿರಿಯಿತು. ತಳದ ಆಸರೆ ಹೋಗಿತ್ತಲ್ಲ, ನಿಧಾನವಾಗಿ, ಯಾರಾದರೂ ಬಂದು ಹಿಡಿದಾರು ಎಂದು ಕಾದ ಹಾಗೆ ವಾಲಿತು. ಒಳಮೈ ಬೆಳಕಿಗೆ ತೆರೆದುಕೊಂಡಿತು. ಅಷ್ಟೂ ದೋಣಿಗಳು, ಹಾಯಿಯವು, ಹುಟ್ಟಿನವು, ಹಗಲು ಬೆಳಕಿನಲ್ಲಿ ಒಂದು ಗಳಿಗೆ ಎಲ್ಲರಿಗೂ ಕಂಡವು. ಚಿಕ್ಕ ಮೇಸ್ತ್ರಿಗೆ ಮೂಲೆಯ ನಾಯಿಯೂ ಕಂಡಿತು. ಗೋಡೆ ನೀರಿಗೆ ಹೋಯಿತು. ಇಷ್ಟು ಜನ ಕೈಕಾಲು ಗಟ್ಟಿಯಿದ್ದವರು, ಕಲ್ಲಿನ ಕೆಲಸವನ್ನೇ ಉಂಡು ಬೆಳೆದವರು, ನಿಂತಲ್ಲೇ ನಿಂತಿದ್ದರು.

ಓಡಾಡುವ ಕಾಲುಗಳನ್ನು ಕಂಡು ಅಣ್ಣ ಕೊನೆಗೆ ತಿರುಗಿದ. ಗೋಡೆ ಇದ್ದ ಜಾಗವನ್ನು ನೋಡಿದ. ಎದ್ದ. ಉಳಿ ಕೈಯಿಂದ ಜಾರಿತು. ಹತ್ತಿರ ಬರುತ್ತ ಒಬ್ಬೊಬ್ಬರ ಬಾಯಿಯನ್ನೂ ನೋಡಿದ. ಯಾವ ಬಾಯಿಯೂ ಅಲ್ಲಾಡುತ್ತಿರಲಿಲ್ಲ.

"ನಾನು ಗೆರೆ ಎಳೆದ ಜಾಗ," ಎಂದ. ಯಾರನ್ನೂ ಕೇಳಿದ್ದಲ್ಲ ಅದು.

ನೀರು ಇಳಿಯುವ ತನಕ ಅಣ್ಣ ಒಂದು ಕಲ್ಲಿನ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಯಾರೂ ಹತ್ತಿರ ಹೋಗಲಿಲ್ಲ. ಎಂಜಿನಿಯರಮ್ಮ ಫೋನಿನಲ್ಲಿ ಯಾರಿಗೋ ಉತ್ತರ ಕೊಡುತ್ತ ಅತ್ತಿತ್ತ ನಡೆಯುತ್ತಿದ್ದಳು. "ಇಲ್ಲ ಸಾರ್, ಯಂತ್ರ ಇಟ್ಟು ನೋಡಿರಲಿಲ್ಲ," ಅನ್ನುವುದು ಮಾತ್ರ ಚಿಕ್ಕ ಮೇಸ್ತ್ರಿಗೆ ಕೇಳಿಸಿತು. ಆಕೆ ಅವನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದಳು.

ಸಂಜೆಯ ಹೊತ್ತಿಗೆ ನೀರು ಹಿಂದೆ ಸರಿಯಿತು. ಅಣ್ಣ ಎದ್ದು ಬಂದು ತಾತನ ಸುತ್ತಿಗೆಯನ್ನು ತಮ್ಮನ ಕೈಗಿಟ್ಟ.

"ಉಳಿದಿದ್ದನ್ನ ಬಡಿ."

"ಅಣ್ಣ, ನೀನು ಬಡಿದ ಗೋಡೆ..."

"ಬಡಿ ಅಂದೆ."

ಚಿಕ್ಕ ಮೇಸ್ತ್ರಿ ಗೋಡೆಯ ಬುಡಕ್ಕೆ ಇಳಿದ. ಅಣ್ಣ ಸುಣ್ಣದ ಡಬ್ಬಿ ಹಿಡಿದು ಹಿಂದೆ ಬಂದ. ಅಣ್ಣ ಡಬ್ಬಿ ಹಿಡಿದದ್ದನ್ನು ಅಲ್ಲಿದ್ದ ಯಾರೂ ಎಂದೂ ನೋಡಿರಲಿಲ್ಲ. ಬಿದ್ದ ಜಾಗದ ಪಕ್ಕದ ಮೊದಲ ಕಲ್ಲು. ಅದರ ಮೇಲೆ ಅಣ್ಣನ ಗೆರೆ. ಚಿಕ್ಕ ಮೇಸ್ತ್ರಿ ಬಡಿದ. ದಬ್.

"ಟೊಳ್ಳು," ಎಂದ, ಬಾಯಿಯೊಳಗೇ.

ಅಣ್ಣ ಕಿವಿಯ ಹಿಂದೆ ಕೈ ಇಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ, ಎಲ್ಲರೂ ನೋಡುತ್ತಿರುವಂತೆ, ಕಿವಿಯ ಹಿಂದೆ ಕೈ ಇಟ್ಟು ತಮ್ಮನ ಹತ್ತಿರ ಬಗ್ಗಿದ. "ಜೋರಾಗಿ ಹೇಳೋ."

"ಟೊಳ್ಳು!"

ಅಣ್ಣ ಹೆಬ್ಬೆರಳನ್ನು ಎಂಜಲು ಮಾಡಿ ತನ್ನ ಗೆರೆಯನ್ನು ಉಜ್ಜಿ ಒರೆಸಿ ಕತ್ತರಿ ಹಾಕಿದ. "ಮುಂದಿಂದು."

ಬಡಿದ, ಕೂಗಿದ. ಬಡಿದ, ಕೂಗಿದ. ಎಲ್ಲೋ ಒಂದೊಂದು ಕಲ್ಲು ಟಣ್ ಅಂದರೆ ಅವನ ಜೀವಕ್ಕೆ ತಂಪೆರೆದ ಹಾಗಾಗುತ್ತಿತ್ತು. ಮೇಲೆ ಸಾಲಾಗಿ ನಿಂತವರೆಲ್ಲ ಕೇಳುತ್ತಿದ್ದರು. ಬುತ್ತಿಯ ಪಾತ್ರೆ ಒಯ್ಯಲು ಬಂದಿದ್ದ ಅತ್ತಿಗೆಯೂ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಕೂಗಿ ಕೂಗಿ ಚಿಕ್ಕ ಮೇಸ್ತ್ರಿಯ ಗಂಟಲು ಒಡೆದಿತ್ತು. ಅಣ್ಣನ ಕಿವಿಗೆ ಸಮೀಪದಲ್ಲಿ, ಅಣ್ಣನದೇ ಗೆರೆಗಳ ಮೇಲೆ, ಒಂದು ದಿನ ಮೊದಲು ಒಂದೇ ಒಂದು ಸಲ ಕೂಗಬೇಕಿದ್ದ ಮಾತನ್ನು ಅವನು ಈಗ ಲೆಕ್ಕವಿಲ್ಲದಷ್ಟು ಸಲ ಕೂಗಿದ.

ಗೋಡೆ ಮುಗಿಯುವ ಕಡೆ ಅಣ್ಣ ನಿಂತ. ಬೆರಳಿಗೆ ಅಂಟಿದ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ.

"ಬೆಳಿಗ್ಗೆ ನಾನು ಹಗ್ಗ ಸುತ್ತುವಾಗ ಬಂದು ಏನೋ ಹೇಳ್ದೆ. ನಾನು ಹೂಂ ಅಂದೆ," ಎಂದ. "ಏನದು?"

ಕಿವಿಯ ಹಿಂದೆ ಕೈ ಹಾಗೇ ಇತ್ತು. ಕಣ್ಣು ತಮ್ಮನ ಬಾಯಿಯ ಮೇಲಿತ್ತು. ಹೇಳಿದ್ದೆ ಅಂದರೆ ಚಿಕ್ಕ ಮೇಸ್ತ್ರಿ ಬಚಾವು, ಹೂಂ ಅಂದವನು ಅಣ್ಣ. ಹೇಳಲಿಲ್ಲ ಅಂದರೆ ತಿಳಿದೂ ಬಾಯಿ ಮುಚ್ಚಿಕೊಂಡಿದ್ದವನು ತಾನು. ಚಿಕ್ಕ ಮೇಸ್ತ್ರಿ ಮೇಲಿನ ಸಾಲನ್ನು ನೋಡಿದ, ಅತ್ತಿಗೆಯನ್ನು ನೋಡಿದ, ಸುಣ್ಣ ಹತ್ತಿದ ಆ ಕೈಯನ್ನು ನೋಡಿದ.

"ಏನೂ ಹೇಳಲಿಲ್ಲ ಅಣ್ಣ!" ಎಂದು ಇದ್ದ ಅಷ್ಟೂ ದನಿಯಲ್ಲಿ ಕೂಗಿದ. "ನಾನು ಏನೂ ಹೇಳಲಿಲ್ಲ!"

ಎಲ್ಲರಿಗೂ ಕೇಳಿಸಿತು. ಅಣ್ಣ ತಮ್ಮನ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ, "ಹೂಂ," ಎಂದು, ಡಬ್ಬಿಯ ಮುಚ್ಚಳ ಹಾಕಿ, ಕೆಸರಿನಲ್ಲಿ ಕಾಲು ಎತ್ತಿಡುತ್ತ ಮೆಟ್ಟಿಲ ಕಡೆ ಹೊರಟ.